1970ರಿಂದ 1990ಕ್ಕೆ ಹಾರಿದ ಕಥೆ

ಅಲೆವೂರಿನ ಪಕ್ಕದ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಕಾರ್ಕಳ ಕಡೆಯ ಮಿಯಾರಿನ ಮನೆ, ಕುಂದಾಪುರ ಕಡೆಯ ಹರ್ಕೂರಿನ ಮನೆ, ಇಂಥವನ್ನು ಕಂಬ ತೊಲೆಗಳ ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಗೆದ್ದಲ ಪಾಲಾಗಲಿದ್ದುದನ್ನು ಉಳಿಸಿದ ಕೆಲಸ ಅದು, ಅದರ ಬಗ್ಗೆ ತಕರಾರಿಲ್ಲ. ಆದರೆ ಮನೆ ಬಂತು, ಗದ್ದೆ ಬರಲಿಲ್ಲ. ಗೇಣಿ ಅಕ್ಕಿಯ ಮುಡಿ ಹೊತ್ತು ತಂದು ಅಂಗಳದಾಚೆ ನಿಂತವರೂ ಬರಲಿಲ್ಲ. ಮ್ಯೂಸಿಯಮ್ಮಿಗೆ ಅದು ಸಾಧ್ಯವೂ ಅಲ್ಲ. ಸಿನಿಮಾಕ್ಕೆ, ಧಾರಾವಾಹಿಗೆ ಸಾಧ್ಯ. ಹಾಗಿದ್ದೂ ಕರಾವಳಿಯ ಹಳೆಯ ಕಾಲವನ್ನು ತೆರೆಗೆ ತರುವ ನಮ್ಮ ಕಥೆಗಳು ಹೆಚ್ಚಾಗಿ ಮ್ಯೂಸಿಯಮ್ಮಿನ ದಾರಿಯನ್ನೇ ಹಿಡಿದಿವೆ. ಚಾವಡಿ, ತೂಗುದೀಪ, ದೈವದ ಭಂಡಾರ ಎಲ್ಲವೂ ಕಾಣುತ್ತವೆ. ಆ ಚಾವಡಿಯನ್ನು ಸಾಕಿದ ಗೇಣಿಯ ಲೆಕ್ಕ ಮಾತ್ರ ಕಾಣುವುದಿಲ್ಲ.

ಇದು ನಮ್ಮವರಿಗೆ ಮಾತ್ರ ಅಂಟಿದ ರೋಗವಲ್ಲ. ಬ್ರಿಟನ್ನಿನಲ್ಲಿ 2010ರಿಂದ 2015ರ ತನಕ ಬಂದ ‘ಡೌನ್‌ಟನ್ ಅಬ್ಬೆ’ ಧಾರಾವಾಹಿ ಈ ಕಲೆಯಲ್ಲಿ ಪಳಗಿದ್ದು. ಅದನ್ನು ಬರೆದ ಜೂಲಿಯನ್ ಫೆಲೋಸ್ 2011ರಲ್ಲಿ ಕನ್ಸರ್ವೇಟಿವ್ ಪಕ್ಷದ ಪರವಾಗಿ ಹೌಸ್ ಆಫ್ ಲಾರ್ಡ್ಸ್ ಸೇರಿದವರು. ಅದರಲ್ಲಿ ಧಣಿ ಸ್ವಲ್ಪ ಮಂಕು, ಆದರೆ ಒಳ್ಳೆಯವನು. ಆಳುಗಳಿಗೆ ನೋವಿದೆ, ಮನೆಯ ಮೇಲೆ ಅಭಿಮಾನವೂ ಇದೆ. ಸಮಾಜವಾದದ ಮಾತಾಡುವ ಐರಿಷ್ ಕಾರು ಚಾಲಕ ಮನೆಯ ಮಗಳನ್ನು ಮದುವೆಯಾಗಿ, ಕೊನೆಗೆ ಅದೇ ಎಸ್ಟೇಟಿನ ಮ್ಯಾನೇಜರಾಗುತ್ತಾನೆ. ವರ್ಗದ ಪ್ರಶ್ನೆಯನ್ನು ಮನೆ ಹೀಗೆ ಹಂತಹಂತವಾಗಿ ನುಂಗುತ್ತದೆ. ಮನೆ ಉಳಿಯಬೇಕಲ್ಲ ಎಂಬ ಆತಂಕ ನೋಡುವವನದೂ ಆಗಿಬಿಡುತ್ತದೆ; ಏಕೆ ಉಳಿಯಬೇಕು ಎಂದು ಯಾರೂ ಕೇಳುವುದಿಲ್ಲ. ಬ್ರಿಟಿಷರು ತಾವು ಯಾರು ಎಂದು ಜಗತ್ತಿಗೆ ಹೇಳಿಕೊಳ್ಳುವಾಗ ಗಿರಣಿಯನ್ನೋ ಗಣಿಯನ್ನೋ ತೋರಿಸದೆ ಈ ಮನೆಯನ್ನು ತೋರಿಸಿದರು, ಜಗತ್ತು ಮೆಚ್ಚಿತು.

ನಮ್ಮಲ್ಲಿ ಅಷ್ಟೇ ಮೆಚ್ಚುಗೆ ಪಡೆದದ್ದು ರಿಷಬ್ ಶೆಟ್ಟಿಯವರ 2022ರ ‘ಕಾಂತಾರ’. ಅದು ಧಣಿಯನ್ನು ಹೊಗಳುವುದಿಲ್ಲ, ನಿಜಕ್ಕೆ ಧಣಿಯೇ ಖಳ. ಆದರೂ ಕಾಲವನ್ನು ಅದು ಹೊಲಿದ ರೀತಿಯನ್ನು ನೋಡಬೇಕು. ಕಥೆ ಶುರುವಾಗುವುದು 1847ರಲ್ಲಿ: ನೆಮ್ಮದಿ ಹುಡುಕುತ್ತ ಬಂದ ಅರಸ ದೈವವನ್ನು ಪಡೆದು, ಬದಲಿಗೆ ಕಾಡಿನ ಜನಕ್ಕೆ ಭೂಮಿ ಬಿಟ್ಟುಕೊಡುತ್ತಾನೆ. ಆದರೆ 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕರಾವಳಿಯ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತ್ತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಹಳೆಯ ಅರಸು ಮನೆತನಗಳಿಗೆ ಬೀಡು ಉಳಿದಿರಬಹುದು, ಆಳ್ವಿಕೆ ಉಳಿದಿರಲಿಲ್ಲ. 1847ರಲ್ಲಿ ಈ ಸೀಮೆಯ ಭೂಮಿ ಯಾರದೆಂದು ಹೇಳುತ್ತಿದ್ದದ್ದು ಕಂದಾಯದ ಲೆಕ್ಕ. ಅದರಲ್ಲಿ ಹೆಸರಿದ್ದವನು ವರ್ಗದಾರ, ಅವನ ಕೆಳಗೆ ಮೂಲಗೇಣಿ, ಚಾಲಗೇಣಿ ಒಕ್ಕಲುಗಳು, ಎಲ್ಲರ ಕೆಳಗೆ ಹೆಸರೇ ಇಲ್ಲದ ಮೂಲದಾಳುಗಳು. ಧಣಿಯ ಧಣಿತನಕ್ಕೆ ದೈವದ ಅಭಯದಷ್ಟೇ ಕಲೆಕ್ಟರ ಕಚೇರಿಯ ಮುದ್ರೆಯೂ ಆಧಾರವಾಗಿತ್ತು. ಸಿನಿಮಾದಲ್ಲಿ ಆ ಮುದ್ರೆಯಿಲ್ಲ, ಬ್ರಿಟಿಷರ ನೆರಳೂ ಇಲ್ಲ. ದೈವದ ಕಥೆ ಹಾಡುವ ಪಾಡ್ದನದ ಕಾಲಕ್ಕೆ ಇಸವಿ ಇರುವುದಿಲ್ಲವಲ್ಲ, ಇದು ಜಾನಪದದ ಹೇಳಿಕೆ ಎಂದು ಸಮರ್ಥಿಸಬಹುದು. ಒಪ್ಪೋಣ. ಆದರೆ ಇಸವಿಯನ್ನು ಹಾಕಿದವರು ವಿಮರ್ಶಕರಲ್ಲ.

ಅದಕ್ಕಿಂತ ದೊಡ್ಡ ಹಾರಿಕೆ ಮುಂದಿದೆ. ಅರಸನ ವಂಶದವನು ಭೂಮಿ ವಾಪಸು ಕೇಳಿ, ದೈವವನ್ನೇ ಹಂಗಿಸಿ, ಕೋರ್ಟಿನ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುವುದು 1970ರ ಭಾಗದಲ್ಲಿ. ಮುಖ್ಯ ಕಥೆ ನಡೆಯುವುದು 1990ರಲ್ಲಿ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಈ ಕರಾವಳಿಯಲ್ಲಿ ಏನಾಯಿತೆಂದು ಇಲ್ಲಿನ ಯಾವ ಹಿರಿಯರನ್ನು ಕೇಳಿದರೂ ‘ಡಿಕ್ಲರೇಶನ್’ ಎಂಬ ಮಾತು ಬಂದೇ ಬರುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸು ಸರಕಾರದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ, ಗೇಣಿಯ ಭೂಮಿಯನ್ನು ಸರಕಾರಕ್ಕೆ ಸೇರಿಸಿ, 7ನೇ ನಮೂನೆಯ ಆ ಡಿಕ್ಲರೇಶನ್ ತುಂಬಿ ಕೊಟ್ಟ ಒಕ್ಕಲಿಗೆ ಅಧಿಭೋಗದ ಹಕ್ಕನ್ನು ಕೊಟ್ಟಿತು. ಗೇಣಿ ಪದ್ಧತಿ ದಟ್ಟವಾಗಿದ್ದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದು ಊರಿನ ಮೈಕಟ್ಟನ್ನೇ ಬದಲಿಸಿತು. ಗುತ್ತು, ಬೀಡು, ಮಠ, ದೇವಸ್ಥಾನ ಎಲ್ಲವೂ ಗದ್ದೆ ಕಳೆದುಕೊಂಡವು. ಎಷ್ಟೋ ಮನೆತನಗಳ ಮಕ್ಕಳು ಮುಂಬಯಿ ಹೋಟೆಲುಗಳತ್ತ ಹೊರಟರು. ತುಳುನಾಡಿನ ಇಡೀ ಇಪ್ಪತ್ತನೆಯ ಶತಮಾನದಲ್ಲಿ ಧಣಿ ಮತ್ತು ಒಕ್ಕಲು ನಿಜವಾಗಿ ಎದುರುಬದುರಾದ ಗಳಿಗೆ ಅದು. ಕಥೆ ಅದರ ಮೇಲಿಂದ ಹಾರಿ ಆಚೆ ಇಳಿಯುತ್ತದೆ. ಇಳಿದಲ್ಲಿ ಧಣಿ ಇನ್ನೂ ಧಣಿಯಾಗಿಯೇ ಇದ್ದಾನೆ, ತೀರ್ಪು ಇನ್ನೂ ದೈವದ್ದೇ ಆಗಿದೆ.

ಕಾಂತಾರದ ಜನ ಕಾಡಂಚಿನವರು, ಗೇಣಿ ಒಕ್ಕಲುಗಳಲ್ಲ, ಅವರ ಜಗಳ ಅರಣ್ಯ ಇಲಾಖೆಯ ಜೊತೆ ಎಂಬ ಆಕ್ಷೇಪಕ್ಕೆ ಬಲವಿದೆ. ಗೇಣಿಯ ಕಾನೂನು ಕಾಡಿನ ಹಕ್ಕನ್ನು ಮುಟ್ಟಲಿಲ್ಲ ಎಂಬುದೂ ಸರಿ. ಹಾಗಾದರೆ ಪ್ರಭುತ್ವದ ಜೊತೆಗಿನ ಆ ಜಗಳವನ್ನೇ ಕೊನೆಯ ತನಕ ಒಯ್ಯಬೇಕಿತ್ತು. ಆಗುವುದು ಬೇರೆ: ಅರಣ್ಯಾಧಿಕಾರಿ ಒಳ್ಳೆಯವನಾಗುತ್ತಾನೆ, ದೈವ ಅವನ ಕೈಯನ್ನೂ ಊರವರ ಕೈಯನ್ನೂ ಕೂಡಿಸುತ್ತದೆ. ಕಣ್ಣು ಒದ್ದೆಯಾಗುವ ದೃಶ್ಯ, ನಿಜ. ಪಹಣಿಯಲ್ಲಿ ಯಾರ ಹೆಸರು ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ದೈವ ಕಟ್ಟುವ ನಲಿಕೆ, ಪರವ, ಪಂಬದರ ವಿದ್ಯೆ ಇಡೀ ದೇಶದ ಕಣ್ಣಿಗೆ ಬಿದ್ದದ್ದು ಈ ಚಿತ್ರದಿಂದ. ಅದು ತೆರೆಕಂಡ ತಿಂಗಳೊಳಗೆ ರಾಜ್ಯ ಸರಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಕಲೆಯಿಂದ ಇಷ್ಟು ಬೇಗ ಕಾಗದ ಹುಟ್ಟುವುದು ಅಪರೂಪ. ಆದರೂ ದೈವದ ಕೋಲದ ರಾತ್ರಿ ಧಣಿ ಕೈಮುಗಿದು ನಿಲ್ಲುವುದನ್ನು ಸಮಾನತೆ ಎಂದು ಓದುವ ಅವಸರ ಬೇಡ. ಬೆಳಗಾದ ಮೇಲೆ ದೈವದ ಅಣಿ ಬಿಚ್ಚಿದವನು ಯಾವ ಜಾಗಕ್ಕೆ ಮರಳುತ್ತಿದ್ದನೆಂಬುದು ಊರಿಗೇ ಗೊತ್ತು.

ಇದೇ ನೆಲದಿಂದ ಬಂದ ‘ಚೋಮನ ದುಡಿ’ ಬೇರೆ ಜಾತಿಯ ಕೃತಿ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರು ಅದನ್ನು 1975ರಲ್ಲಿ ತೆರೆಗೆ ತಂದು ಸ್ವರ್ಣಕಮಲ ಪಡೆದರು. ಚೋಮನಿಗೆ ಎತ್ತುಗಳಿವೆ, ಉಳುವ ಆಸೆಯಿದೆ, ಹೊಲೆಯನಾದ್ದರಿಂದ ಗೇಣಿಗೂ ಭೂಮಿಯಿಲ್ಲ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ, ಮನಸ್ಸು ಮಾಡಿದರೂ ಸಂಪ್ರದಾಯ ದಾಟಲಾರದವನು. ಘಟ್ಟದ ಕಾಫಿ ತೋಟದ ಸಾಲ ಚೋಮನ ಮಕ್ಕಳನ್ನು ತಿನ್ನುತ್ತದೆ. ಎಂದರೆ ಕಾಂತಾರ ಮರೆತ ಬ್ರಿಟಿಷ್ ಕಾಲ ಇಲ್ಲಿ ತೋಟವಾಗಿ, ಇಗರ್ಜಿಯಾಗಿ ಕಥೆಯೊಳಗೇ ಇದೆ. ಭೂಮಿ ಸಿಕ್ಕೀತೆಂಬ ಆಸೆಗೆ ಜಾತಿ ಬಿಡಲು ಯೋಚಿಸಿದವನು ನಂಬಿದ ದೈವವನ್ನು ಬಿಡಲಾರದೆ ಹೋಗುತ್ತಾನೆ. ಕಾಂತಾರದಲ್ಲಿ ದೈವ ಭೂಮಿ ಕೊಡಿಸುತ್ತದೆ. ಇಲ್ಲಿ ಆ ನಂಬಿಕೆಯೂ ಚೋಮನನ್ನು ಭೂಮಿಯಿಂದ ದೂರ ಇಡುವವುಗಳಲ್ಲಿ ಒಂದು. ಸಿನಿಮಾ ಬಂದದ್ದು ತಿದ್ದುಪಡಿಯ ಮರುವರ್ಷ ಎಂಬುದನ್ನೂ ನೆನೆಯಬೇಕು. ಉಳುವವನೇ ಹೊಲದೊಡೆಯ ಎಂದು ಸರಕಾರ ಸಾರುತ್ತಿದ್ದಾಗ ತೆರೆಯ ಮೇಲೆ, ಉಳಲು ಬಿಡದ ಕಾರಣಕ್ಕೇ ಒಡೆಯನಾಗಲಾರದವನು ದುಡಿ ಬಾರಿಸುತ್ತಿದ್ದ. ಹೊಸ ಕಾನೂನು ಗೇಣಿದಾರನನ್ನು ಗುರುತಿಸಿತು, ಕೂಲಿಯಾಳಿಗೆ ಹೆಚ್ಚೆಂದರೆ ಮನೆ ಅಡಿಯ ಜಾಗ ಸಿಕ್ಕಿತು.

ಧಣಿಯನ್ನು ಇಳಿಸಿದ ಕಥೆಗೆ ನಾಟಕೀಯತೆ ಸಾಲದು, ಕಡತಗಳಲ್ಲಿ ರಸವೆಲ್ಲಿ ಎನ್ನುವವರು ಆ ಡಿಕ್ಲರೇಶನ್‌ಗಳನ್ನು ತೀರ್ಮಾನಿಸುತ್ತಿದ್ದ ಭೂನ್ಯಾಯ ಮಂಡಳಿಯ ರಚನೆಯನ್ನೊಮ್ಮೆ ಓದಬೇಕು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕಿತ್ತು. ಮೊದಲಿಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಗೇಣಿ ಕೊಟ್ಟದ್ದಕ್ಕೆ ಚೀಟಿ ಪಡೆಯದ ಒಕ್ಕಲು, ಅಂಗಳದಾಚೆ ನಿಂತೇ ಅಭ್ಯಾಸವಾದವನು, ತನ್ನ ಬಾಯಿಂದಲೇ, ಧಣಿಯ ಮುಖ ನೋಡಿಕೊಂಡೇ, ಈ ಗದ್ದೆ ಸಾಗುವಳಿ ಮಾಡುತ್ತಿರುವವನು ನಾನು ಎಂದು ಹೇಳಬೇಕಿತ್ತು. ಕೇಳಿ ತೀರ್ಮಾನಿಸುವವರ ಸಾಲಿನಲ್ಲಿ, ಅದೇ ಧಣಿಯ ಚಾವಡಿ ಹತ್ತಲು ಅಪ್ಪಣೆಯಿಲ್ಲದ ಜಾತಿಯ ಒಬ್ಬರು ಕುರ್ಚಿಯಲ್ಲಿ ಕೂತಿರುತ್ತಿದ್ದರು.