ಆರು ಗಂಟೆಗೆ ಬೀಳುವ ಗೇಟು

ಹಾಸನದ ಕಡೆಯಿಂದ ನಾಗರಹೊಳೆಗೆ ಹೊರಟವರಿಗೆ ನಮ್ಮ ಭೇರ್ಯ ದಾರಿಯ ಊರು. ಹೊಳೆನರಸೀಪುರ ದಾಟಿ ಬಂದು ಇಲ್ಲಿ ಟೀ ಕುಡಿದು ಕೆ.ಆರ್. ನಗರದ ಮೇಲೆ ಹುಣಸೂರು ಸೇರುತ್ತಾರೆ. ಒಮ್ಮೆ ಮಾರ್ಚಿಯಲ್ಲಿ ಅಂಥದೊಂದು ಕಾರು ನಮ್ಮ ಮನೆ ಬಾಗಿಲಿಗೇ ಬಂತು. ಅಕ್ಕನ ಮಗ, ಜೊತೆಗೆ ಅವನ ಮೂವರು ಗೆಳೆಯರು. ಡಿಕ್ಕಿ ತೆಗೆದು ತೋರಿಸಿದರು: ಟೆಂಟು, ಮಲಗುವ ಚೀಲ, ಅಂಗೈಯಗಲದ ಗ್ಯಾಸ್ ಒಲೆ, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ. ಎಲ್ಲ ಇತ್ತು, ಅನುಮತಿ ಒಂದು ಬಿಟ್ಟು. "ಮಾವ, ಹುಣಸೂರಲ್ಲಿ ನಿಮಗೆ ಗೊತ್ತಿರೋರು ಇದ್ದಾರಲ್ಲ, ಫಾರೆಸ್ಟ್‌ನೋರಿಗೆ ಒಂದು ಮಾತು ಹೇಳ್ಸಿ. ಒಂದೇ ರಾತ್ರಿ. ಕಸ ಒಂದು ಚೂರೂ ಬಿಡಲ್ಲ."

ಆಗಲ್ಲಪ್ಪ ಅಂದೆ. ಹುಡುಗರು ವಾದಕ್ಕೆ ಕೂತರು. ಆ ವಾದ ಅವರೊಬ್ಬರದೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಓದಿದವರ ನಡುವೆ ಈಗ ಅದು ಸಿದ್ಧ ಅಭಿಪ್ರಾಯ. ಅಮೆರಿಕದಲ್ಲಿ, ಆಫ್ರಿಕಾದಲ್ಲಿ ರಾಷ್ಟ್ರೀಯ ಉದ್ಯಾನದೊಳಗೇ ಡೇರೆ ಹಾಕಲು ಬಿಡುತ್ತಾರೆ. ನಮ್ಮಲ್ಲಿ ಮಾತ್ರ ಬ್ರಿಟಿಷರ ಕಾಲದ ಅಧಿಕಾರಿ ಬುದ್ಧಿ. ಕಾಡಿನಲ್ಲಿ ಒಂದು ರಾತ್ರಿ ಮಲಗದವನಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ?

ಅಮೆರಿಕದ ಮಾತು ಮೊದಲು ಮುಗಿಸಿಬಿಡೋಣ. ಯೆಲ್ಲೊಸ್ಟೋನ್ ಉದ್ಯಾನ ಸುಮಾರು 9,000 ಚದರ ಕಿ.ಮೀ. ಅಲ್ಲೂ ಒಳನಾಡಿನಲ್ಲಿ ತಂಗಬೇಕಾದರೆ ಪರವಾನಗಿ ಬೇಕು, ಗೊತ್ತುಮಾಡಿದ ಜಾಗದಲ್ಲೇ ಮಲಗಬೇಕು, ಕರಡಿಗೆ ಎಟುಕದಂತೆ ತಿನ್ನುವ ಸಾಮಾನನ್ನು ಎತ್ತರಕ್ಕೆ ತೂಗುಹಾಕಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್ ಅದರ ಎರಡರಷ್ಟು ದೊಡ್ಡದು. ಅಲ್ಲಿನ ದೊಡ್ಡ ತಂಗುದಾಣಗಳ ಸುತ್ತ ಬೇಲಿಯಿದೆ, ಕತ್ತಲಾಗುವ ಮುಂಚೆ ಗೇಟು ಮುಚ್ಚುತ್ತದೆ. ನಾಗರಹೊಳೆ 643 ಚದರ ಕಿ.ಮೀ. 2022ರ ಗಣತಿಯಲ್ಲಿ ಈ ಹುಲಿ ಮೀಸಲಿನಲ್ಲಿ ಸಿಕ್ಕ ಹುಲಿಗಳು 141. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಇಳಿಯುವ ಆನೆ ಹಿಂಡಿನ ಮಾತು ಬೇರೆ. ಇಷ್ಟು ಇಕ್ಕಟ್ಟಿನಲ್ಲಿ ಡೇರೆಗೆ ಖಾಲಿ ಜಾಗ ಅಂತ ನಮ್ಮ ಕಣ್ಣಿಗೆ ಕಾಣುವುದು ಯಾವುದೋ ಒಂದರ ನಿತ್ಯದ ಹಾದಿ.

ಕಾನೂನು ತೀರಾ ಬಿಗಿ ಅನ್ನುವ ಮಾತೂ ಪೂರ್ತಿ ನಿಜವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರವೇಶಕ್ಕೆ ಅನುಮತಿ ಕೊಡಬಹುದಾದ ಕಾರಣಗಳ ಪಟ್ಟಿಯಿದೆ, ಪ್ರವಾಸವೂ ಅದರಲ್ಲಿ ಸೇರಿದೆ. ಬೆಂಕಿ ಹಚ್ಚುವುದಕ್ಕೆ ಮಾತ್ರ ರಿಯಾಯಿತಿಯಿಲ್ಲ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲುಗಳ ಒಡಲಿನಲ್ಲಿ (ಕೋರ್ ಪ್ರದೇಶದಲ್ಲಿ) ಪ್ರವಾಸವನ್ನೇ ನಿಲ್ಲಿಸಿತ್ತು. ಅಕ್ಟೋಬರಿನಲ್ಲಿ ಆ ತಡೆ ತೆರವಾಯಿತು, ಪ್ರವಾಸ ಒಡಲಿನ ನೂರಕ್ಕೆ ಇಪ್ಪತ್ತು ಪಾಲು ಮೀರಬಾರದು, ಒಳಗೆ ಹೊಸ ಕಟ್ಟಡ ಏಳಬಾರದು ಅನ್ನುವ ಮಾರ್ಗಸೂಚಿಯ ಜೊತೆಗೆ. ಹಗಲು ಹೋಗಿ ನೋಡಿ ಬರುವುದಕ್ಕೆ ವೀರನಹೊಸಹಳ್ಳಿಯಲ್ಲಿ, ದಮ್ಮನಕಟ್ಟೆಯಲ್ಲಿ, ಕುಟ್ಟದ ಕಡೆ ನಾಣಚ್ಚಿಯಲ್ಲಿ ಗೇಟುಗಳಿವೆ. ಆ ಗೇಟು ಸಂಜೆ ಆರಕ್ಕೆ ಬೀಳುತ್ತದಲ್ಲ, ಹುಡುಗರ ಜಗಳವೆಲ್ಲ ಅದರ ಮೇಲೆ.

ನನಗೆ ಅತ್ಯಂತ ಸರಿಯಾದ ನಿಯಮವಾಗಿ ಕಾಣುವುದೂ ಅದೇ. ಕಸ ಬಿಡುವುದಿಲ್ಲ ಅನ್ನುವ ಹುಡುಗರ ಮಾತನ್ನು ನಂಬುತ್ತೇನೆ. ಆದರೆ ಕಾಡಿಗೆ ನಮ್ಮಿಂದ ಆಗುವ ತೊಂದರೆ ಕಸವೊಂದೇ ಅಂದುಕೊಂಡದ್ದು ತಪ್ಪು. ಹಗಲು ಜೀಪಿನ ಸದ್ದಿಗೆ ಪಕ್ಕಕ್ಕೆ ಸರಿದ ಪ್ರಾಣಿಗೆ ಕೊನೆಗೆ ಉಳಿದಿರುವುದು ರಾತ್ರಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಲ್ಲಿಸಿ, ಅದನ್ನು ಉಳಿಸಿಕೊಳ್ಳಲು ಕರ್ನಾಟಕದವರು ಎಷ್ಟು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದರು! ನಮ್ಮ ಹುಡುಗರೂ ಆಗ ಫೋನಿನಲ್ಲಿ ಅದರ ಪರ ಬರೆದವರೇ. ಲಾರಿಯಾದರೆ ಸದ್ದು ಮಾಡಿಕೊಂಡು ದಾಟಿ ಹೋಗುತ್ತದೆ. ಡೇರೆ ಬೆಳಗಿನ ತನಕ ದೀಪ, ಮಾತು, ಒಗ್ಗರಣೆ ವಾಸನೆ ಸಮೇತ ಅಲ್ಲೇ ಕೂತಿರುತ್ತದೆ.

ಇನ್ನು ಬೆಂಕಿ. ಟೆಂಟು ಅಂದಮೇಲೆ ಮುಂದೊಂದು ಬೆಂಕಿ ಉರಿಯಲೇಬೇಕು ಅನ್ನುವುದನ್ನು ಯಾವ ಸಿನಿಮಾ ಕಲಿಸಿತೋ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಇಲ್ಲಿನ ಕಾಡು ಒಣಗಿದ ತರಗು. ಇಲಾಖೆಯವರು ತಿಂಗಳುಗಟ್ಟಲೆ ಬೆಂಕಿರೇಖೆ ಸವರುತ್ತಾರೆ. 1992ರಲ್ಲಿ ಜನರ ಸಿಟ್ಟಿಗೆ ನಾಗರಹೊಳೆ ಉರಿದದ್ದನ್ನೂ 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನೂ ಈ ಸೀಮೆ ಮರೆತಿಲ್ಲ. ಹುಡುಗರು ಬಂದದ್ದು ಮಾರ್ಚಿಯಲ್ಲಿ.

ಹುಣಸೂರು, ಎಚ್.ಡಿ. ಕೋಟೆ ಕಡೆ 'ಕ್ಯಾಂಪು' ಅನ್ನುವ ಮಾತು ಮೊದಲಿಂದ ಇದೆ. ಒಂದು, ಆನೆ ಕ್ಯಾಂಪು: ಮತ್ತಿಗೋಡು, ಪಿರಿಯಾಪಟ್ಟಣದ ದೊಡ್ಡಹರವೆ, ಅಂಬಾರಿ ಹೊತ್ತ ಅರ್ಜುನನಿದ್ದ ಬಳ್ಳೆ. ಇನ್ನೊಂದು, ಕಳ್ಳಬೇಟೆ ತಡೆಯುವವರ ಕ್ಯಾಂಪು. ಎರಡನೆಯದನ್ನು ನೋಡಿದ್ದರೆ ನಮ್ಮ ಹುಡುಗರು ತಂಬು ಕಟ್ಟುವ ಮಾತೇ ಆಡುತ್ತಿರಲಿಲ್ಲ. ಒಂದು ಪುಟ್ಟ ಮನೆ, ಸೋಲಾರ್ ದೀಪ, ವೈರ್‌ಲೆಸ್ಸು, ವಾರಕ್ಕಾಗುವ ಅಕ್ಕಿ ಬೇಳೆ, ಸುತ್ತ ಆನೆ ದಾಟದ ಹಾಗೆ ತೋಡಿದ ಕಂದಕ. ಅಲ್ಲಿರುವ ವಾಚರುಗಳಲ್ಲಿ ಹಲವರು ಜೇನುಕುರುಬರ ಹಾಡಿಗಳಿಂದ ಬಂದವರು. ಕಾಡಿನ ಮಡಿಲಲ್ಲೇ ಹುಟ್ಟಿ ಬೆಳೆದವರು ಕಂದಕದೊಳಗೆ ಮಲಗುತ್ತಾರೆ. ನಾವು ನೈಲಾನ್ ಬಟ್ಟೆಯೊಳಗೆ ಮಲಗಿ ಕಾಡಿನ ಜೊತೆ ಒಂದಾಗುತ್ತೇವಂತೆ.

"ಹಾಡಿಯವರು ಇಲ್ಲವಾ ಒಳಗೆ?" ಎಂದು ಒಬ್ಬ ಕೇಳಿದ. ಈ ಪ್ರಶ್ನೆಯೇ ನನ್ನನ್ನು ಕೆರಳಿಸುವುದು. ಹಾಡಿಯವರು ಅಲ್ಲಿಗೆ ಯೋಜನೆ ಹಾಕಿಕೊಂಡು ಹೋದವರಲ್ಲ. 1955ರಲ್ಲಿ ಅಭಯಾರಣ್ಯ ಆಗುವ ಮುಂಚಿನಿಂದ ಇದ್ದವರು. ಎಷ್ಟೋ ಕುಟುಂಬಗಳು ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ನೆಲೆಸಬೇಕಾಯಿತು. ಇನ್ನೊಂದು ಕಡೆ, ಒಳಗಿನ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು, 1997ರಲ್ಲಿ ಆ ಗುತ್ತಿಗೆ ಬಿದ್ದುಹೋಯಿತು. ಕಾಡಿನೊಳಗೆ ಪ್ರವಾಸಿ ಹಾಸಿಗೆ ಹಾಸುವುದನ್ನು ತಡೆದವರು ಮೊದಲು ಹಾಡಿಯ ಜನ. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ನೆಲಕ್ಕೆ ಮರಳಿ ಗುಡಿಸಲು ಕಟ್ಟಿದಾಗ ಗಲಾಟೆಯೋ ಗಲಾಟೆ. ತಾತನ ಸಮಾಧಿ ಇರುವ ಜಾಗಕ್ಕೆ ಬಂದವರ ಗುಡಿಸಲಿಗೂ ವಾರಾಂತ್ಯದ ಟೆಂಟಿಗೂ ಒಂದೇ ತಕ್ಕಡಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಒಳಗೆ ಬಿಡದಿದ್ದರೇನು, ಅಂಚಿನಲ್ಲಿ ಮಲಗುತ್ತೇವೆ ಅನ್ನುವವರದು ಮುಂದಿನ ವಾದ. ಕಬಿನಿ ದಂಡೆಯಲ್ಲಿ ಈ ವ್ಯಾಪಾರ ಹಳೆಯದು. ಕಾರಾಪುರದ ಹಳೆಯ ಮಹಾರಾಜರ ಬೇಟೆ ಬಂಗಲೆಯಲ್ಲಿ ಜಂಗಲ್ ಲಾಡ್ಜಸ್ ಶುರುವಾಯಿತು. ಆಮೇಲೆ ದಂಡೆಯುದ್ದಕ್ಕೂ ರೆಸಾರ್ಟುಗಳು. ಕಾನೂನಿನ ಲೆಕ್ಕಕ್ಕೆ ಅಂಚು ಹೊರಗೇ. ಆದರೆ ರಾತ್ರಿಯ ಲೆಕ್ಕಕ್ಕೆ ಕಾಡಿನ ಜಗಳವೆಲ್ಲ ನಡೆಯುವುದು ಅಂಚಿನಲ್ಲಿ. ಕಂದಕ ತೋಡಿದರು, ಸೋಲಾರ್ ಬೇಲಿ ಎಳೆದರು, ವೀರನಹೊಸಹಳ್ಳಿ ಕಡೆ ರೈಲುಕಂಬಿಯ ಬೇಲಿ ನೆಟ್ಟರು. ಆ ಕಂಬಿ ದಾಟಲು ಹೋಗಿ ಆನೆಯೊಂದು ಸತ್ತದ್ದೂ ಆಯಿತು. ಇಷ್ಟಾದರೂ ರಾಗಿ ತೆನೆ ಕಟ್ಟುವ ಹೊತ್ತಿಗೆ ಅಲ್ಲಿನ ರೈತ ಮರದ ಮೇಲೆ ಅಟ್ಟಣೆ ಹಾಕಿಕೊಂಡು, ತಗಡು ಬಡಿಯುತ್ತ, ಪಟಾಕಿ ಸಿಡಿಸುತ್ತ ಕೂರಬೇಕು. ಮುಸುಕಿನ ಜೋಳಕ್ಕೂ ಬಾಳೆಗೂ ಇದೇ ಕಾವಲು. 'ಕಾಡಿನಂಚಿನ ರಾತ್ರಿ' ಅಂತ ಹೆಸರಿಟ್ಟು ನಾವು ದುಡ್ಡು ಕೊಟ್ಟು ಕೊಳ್ಳುವುದನ್ನು ಅವನು ನಿದ್ದೆ ಕೆಟ್ಟು ಬಿಟ್ಟಿಯಾಗಿ ಅನುಭವಿಸುತ್ತಾನೆ. (ಅಟ್ಟಣೆ ಹೋಂಸ್ಟೇ ಇನ್ನೂ ಯಾರೂ ಶುರುಮಾಡಿದಂತಿಲ್ಲ. ಈ ಸಾಲು ಓದಿ ಯಾರಾದರೂ ಮಾಡಿದರೆ ತಪ್ಪು ನನ್ನದು.)

2025ರ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತು. ಸಫಾರಿ ಗಾಡಿಗಳ ಕಾಟಕ್ಕೇ ಹುಲಿ ಹೊಲಕ್ಕೆ ಬರುತ್ತಿದೆ ಅನ್ನುವುದು ರೈತರ ದೂರಾಗಿತ್ತು. ಅದೊಂದೇ ಕಾರಣ ಅಂತ ನಾನು ಒಪ್ಪಲಾರೆ. ಹುಲಿ ಹೆಚ್ಚಿದೆ, ಮುದಿ ಹುಲಿಯನ್ನು ಪ್ರಾಯದ ಹುಲಿ ಅಂಚಿಗೆ ಅಟ್ಟುತ್ತದೆ, ಅಂಚಿನಲ್ಲಿ ದನ ಸುಲಭವಾಗಿ ಸಿಗುತ್ತದೆ. ಆದರೂ ಮನೆಯವನನ್ನು ಕಳೆದುಕೊಂಡ ಊರಿನ ಪಕ್ಕದಲ್ಲೇ ಗಿಟಾರು ಹಿಡಿದು ಬೆಂಕಿ ಸುತ್ತ ಕೂರುವವರಿಗೆ ಊರವರ ಸಿಟ್ಟಿನ ಕಾರಣ ಅರ್ಥವಾಗಬೇಡವೇ?

ಡೇರೆಯ ಆಸೆಯನ್ನು ನಾನು ಹಳಿಯುತ್ತಿಲ್ಲ. ನಮ್ಮ ಸೀಮೆಗೆ ಅದು ಹೊಸದೂ ಅಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ಚುಂಚನಕಟ್ಟೆ ದನಗಳ ಜಾತ್ರೆಗೆ ಹೋಗಿ ನೋಡಿ. ಎತ್ತಿನ ಜೋಡಿ ಕಟ್ಟಿ, ಮೇಲೊಂದು ಟಾರ್ಪಾಲು ಎಳೆದು, ಮೂರು ಕಲ್ಲಿನ ಒಲೆಯಲ್ಲಿ ಮುದ್ದೆ ಬೇಯಿಸಿಕೊಂಡು ಜನ ದಿನಗಟ್ಟಲೆ ಬಿಡಾರ ಹೂಡಿರುತ್ತಾರೆ. ಪಕ್ಕದಲ್ಲೇ ಕಾವೇರಿ ಧುಮುಕುವ ಸದ್ದು. ಅಲ್ಲಿ ಯಾರ ನಿದ್ದೆಯನ್ನೂ ಕೆಡಿಸದೆ ಆಕಾಶ ನೋಡಬಹುದು. ಇದನ್ನು ಹೇಳಿದರೆ ಹುಡುಗರು ನಕ್ಕರು: ಜಾತ್ರೆಯಲ್ಲಿ ಹುಲಿ ಇಲ್ಲವಲ್ಲ, ಮಾವ.

ಕೊನೆಗೆ ಬೆಳಗಿನ ಸಫಾರಿಗೆ ವೀರನಹೊಸಹಳ್ಳಿಗೆ ಹೋಗುವುದೆಂದು ತೀರ್ಮಾನವಾಯಿತು. ರಾತ್ರಿ ಟೆಂಟನ್ನು ನಮ್ಮ ಮನೆ ತಾರಸಿ ಮೇಲೆ ಬಿಚ್ಚಿದರು. ಸುತ್ತ ನೀರು ಕಟ್ಟಿದ ಗದ್ದೆ ಬಯಲು. ಒಂದೂವರೆ ಗಂಟೆಗೆ ನಾಲ್ವರೂ ಕೆಳಗಿಳಿದು ಬಂದು, ಫ್ಯಾನಿನಡಿ ಚಾಪೆ ಹಾಸಿಕೊಂಡು, ಸೊಳ್ಳೆಬತ್ತಿ ಎಲ್ಲಿದೆ ಅಂತ ನನ್ನ ಹೆಂಡತಿಯನ್ನು ಎಬ್ಬಿಸಿದರು.