ಮೊದಲ ನಿಮಿಷದ ಆಕಾಶ

ಕೊಳ್ಳೇಗಾಲದ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದರೆ, ದೇವರಕೋಣೆ, ಅಡುಗೆಮನೆ, ಗೋಡೆ ಕಪಾಟುಗಳನ್ನೆಲ್ಲ ತೋರಿಸಿದ ಮೇಲೆ ಕೆಲವರು ಈಗ ಮಲಗುವ ಕೋಣೆಗೂ ಕರೆದೊಯ್ಯುತ್ತಾರೆ. ಒಳಗೆ ಜನ ಸೇರುತ್ತಾರೆ, ಪರದೆ ಎಳೆಯುತ್ತಾರೆ. ಬಣ್ಣ ಬಳಿದ ಹುಡುಗ ಅಲ್ಲೇ ಇದ್ದರೆ ಸ್ವಿಚ್ಚಿನ ಪಕ್ಕ ನಿಂತು ‘ನೋಡಿ ಸಾ, ಈಗ ಹೆಂಗದೆ!’ ಎಂದು ದೀಪ ಆರಿಸುತ್ತಾನೆ. ಬೆಳ್ಳಗೆ ಸುಮ್ಮನಿದ್ದ ಸೂರಿನ ತುಂಬ ಹಸಿರು ಚುಕ್ಕಿಗಳು ಎದ್ದು ನಿಲ್ಲುತ್ತವೆ. ‘ಅಬ್ಬಾ, ಥೇಟ್ ಆಕಾಶ!’ ಎನ್ನುವುದು ಮುಗಿಯುವಷ್ಟರಲ್ಲಿ ದೀಪ ಮತ್ತೆ ಹತ್ತುತ್ತದೆ, ಊಟದ ಪಂಕ್ತಿಗೆ ಹೊತ್ತಾಗಿರುತ್ತದೆ. ಈ ಕಲೆಯ ಕೀರ್ತಿ ಪೂರ್ತಿಯಾಗಿ ಆ ಒಂದು ನಿಮಿಷದ ಮೇಲೆ ನಿಂತಿದೆ. ನನ್ನ ತಕರಾರೂ ಆ ನಿಮಿಷದ ಮೇಲೆಯೇ.

ಬಣ್ಣದ ವಿಷಯವನ್ನು ಬೇಗ ಮುಗಿಸೋಣ. ಎಲ್ಲರ ಬಾಯಲ್ಲೂ ಅದು ‘ರೇಡಿಯಂ ಪೇಂಟ್’, ಆದರೆ ಅದರಲ್ಲಿ ರೇಡಿಯಂ ಚೂರೂ ಇಲ್ಲ. ಇರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿ, ಜೊತೆಗೆ ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಲೋಹಗಳ ಅತಿ ಸಣ್ಣ ಬೆರಕೆ. 1990ರ ದಶಕದಲ್ಲಿ ಜಪಾನಿನ ನೆಮೊಟೊ ಕಂಪನಿ ಇದನ್ನು ತಂದಿತು. ಅದಕ್ಕೆ ಮೊದಲು ಇದ್ದದ್ದು ತಾಮ್ರ ಬೆರೆತ ಜಿಂಕ್ ಸಲ್ಫೈಡ್; ಹಳೆಯ ಆಟಿಕೆಗಳಲ್ಲಿ ಮಿನುಗಿ ಗಂಟೆಯೊಳಗೆ ಸಾಯುತ್ತಿದ್ದ ಬೆಳಕು ಅದು. ಹೊಸದು ಬೆಳಕು ಕುಡಿದು ರಾತ್ರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಪುಡಿ ಭಾರ, ಡಬ್ಬಿಯ ತಳದಲ್ಲಿ ಕೂರುತ್ತದೆ, ಆಗಾಗ ಕಲಕಬೇಕು. ನೀರು ತಾಗಿದರೆ ಕೆಡುತ್ತದೆ. ಕೆಳಗೆ ಬಿಳಿ ಪ್ರೈಮರ್ ಇದ್ದರೆ ಹೆಚ್ಚು ಹೊಳೆಯುತ್ತದೆ. ಇಷ್ಟು ನಮ್ಮ ಪೇಂಟರುಗಳಿಗೆ ಚೆನ್ನಾಗಿ ಗೊತ್ತು.

ಅವರು ಗಮನಿಸದಿರುವುದು, ಅಥವಾ ಗಮನಿಸಿಯೂ ಗಿರಾಕಿಗೆ ಹೇಳದಿರುವುದು ಬೇರೆ ಇದೆ. ದೀಪ ಆರಿದ ಕ್ಷಣದಿಂದ ಆ ಬಣ್ಣ ಒಂದೇ ಸಮನೆ ಕುಂದುವುದಿಲ್ಲ. ಮೊದಲು ದಡದಡನೆ ಇಳಿದು ಆಮೇಲೆ ತೆವಳುತ್ತದೆ. ಕಾಲ ಹತ್ತು ಪಟ್ಟಾದಾಗ ಕಾಂತಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿಗೆ ಬಂದಿರುತ್ತದೆ. ಕೋಣೆಯಲ್ಲಿರುವ ಮನುಷ್ಯನ ಕಣ್ಣಿನದು ಇದಕ್ಕೆ ತಿರುಗುಮುರುಗಾದ ನಡೆ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಮೊದಲ ನಿಮಿಷ ಕುರುಡಿಗೆ ಸಮ. ಪೂರ್ತಿ ತೆರೆಯಲು ಅದಕ್ಕೆ ಅರ್ಧ ಗಂಟೆಯಾದರೂ ಬೇಕು, ಅಷ್ಟರೊಳಗೆ ಅದರ ಸೂಕ್ಷ್ಮತೆ ಸಾವಿರಾರು ಪಟ್ಟು ಏರಿರುತ್ತದೆ. ಸೂರು ಬಡವಾಗುತ್ತ ಹೋದಂತೆ ಕಣ್ಣು ಶ್ರೀಮಂತವಾಗುತ್ತದೆ. ಗೃಹಪ್ರವೇಶದ ನೆಂಟರು ನೋಡುವುದು ಸೂರು ಅತಿ ಜೋರಾಗಿರುವ, ಕಣ್ಣು ಅತಿ ಮಂದವಾಗಿರುವ ಗಳಿಗೆಯನ್ನು. ಮೆಚ್ಚುಗೆ ಬರುವುದೂ ಆಗಲೇ, ದುಡ್ಡು ಕೈ ಬದಲಾಯಿಸುವುದೂ ಆಗಲೇ.

ಅರ್ಧ ಗಂಟೆ ಅದೇ ಹಾಸಿಗೆಯ ಮೇಲೆ ಮಲಗಿರಿ. ಮೊದಲು ಹೋಗುವುದು ಹಸಿರು. ಬೆಳಕು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಕಣ್ಣು ಬಣ್ಣ ಗುರುತಿಸುವುದನ್ನು ಬಿಡುತ್ತದೆ, ಚುಕ್ಕಿಗಳು ಬೂದುಬಿಳುಪಿಗೆ ತಿರುಗುತ್ತವೆ. ‘ನಕ್ಷತ್ರ ಎಲ್ಲಾದರೂ ಹಸಿರಾಗಿರುತ್ತದೆಯೇ’ ಎಂಬ ಜಾಣ ಆಕ್ಷೇಪಕ್ಕೆ ಅಲ್ಲಿಗೆ ಉತ್ತರ ಸಿಕ್ಕಿತು, ಕಾಯುವ ತಾಳ್ಮೆ ಇದ್ದವರಿಗೆ. ಆಮೇಲೆ ಹೋಗುವುದು ಸೂರಿನ ಮಟ್ಟ. ಮೊದಲ ನಿಮಿಷದಲ್ಲಿ ಚುಕ್ಕಿಗಳ ಹೊಳಪೇ ಸುತ್ತಲ ಪಿಓಪಿಯ ಅಂಚನ್ನು, ಗಿಲಾವಿನ ಉಬ್ಬುತಗ್ಗನ್ನು ತೋರಿಸಿಕೊಡುತ್ತಿತ್ತು. ಈಗ ಅದು ಕಾಣುವುದಿಲ್ಲ, ಒಂಬತ್ತಡಿ ಎತ್ತರವೋ ತೊಂಬತ್ತಡಿಯೋ ತಿಳಿಯದಾಗುತ್ತದೆ. ನಡುವೆ ಫ್ಯಾನ್ ಇದೆಯಲ್ಲ, ಎಲ್ಲ ಪೇಂಟರುಗಳೂ ಶಾಪ ಹಾಕುವ ಫ್ಯಾನ್, ಅದನ್ನು ನಿಧಾನಕ್ಕಿಟ್ಟರೆ ರೆಕ್ಕೆಗಳು ಚುಕ್ಕಿಗಳನ್ನು ಮರೆಸಿ ಬಿಟ್ಟು ಮರೆಸಿ ಬಿಟ್ಟು ಮಿನುಗಿಸುತ್ತವೆ. ಯಾವ ಕುಂಚದಿಂದಲೂ ಬರದ ಮಿನುಗು ಅದು, ಮೂರನೆಯ ನಂಬರಿನಲ್ಲಿ ಬಿಟ್ಟಿಯಾಗಿ ಬರುತ್ತದೆ.

ಹೀಗೆ ನಂದುವುದೇ ಈ ಕಲೆಯ ಬಂಡವಾಳ, ನಮ್ಮವರು ಮುಚ್ಚಿಡಲು ಹೆಣಗುವುದೂ ಅದನ್ನೇ. ನಂದಿತು ಎಂದು ಗಿರಾಕಿ ದೂರಿದರೆ ಮೂಲೆಯಲ್ಲೊಂದು ನೇರಳೆ ಯುವಿ ಟ್ಯೂಬು ಕೂರಿಸಿಕೊಡುತ್ತಾರೆ. ಅಲ್ಲಿಗೆ ಕೋಣೆ ಆರ್ಕೆಸ್ಟ್ರಾದ ವೇದಿಕೆಯಾಯಿತು. ಇನ್ನೊಂದು ಕಡೆ, ಬಣ್ಣಕ್ಕೆ ಬೆಳಕು ಕುಡಿಸಬೇಕಾದ ದೀಪವೇ ತಪ್ಪಾಗಿರುತ್ತದೆ. ಫಾಲ್ಸ್ ಸೀಲಿಂಗಿನ ಅಂಚಿನೊಳಗೆ ಬಚ್ಚಿಟ್ಟ ಹಳದಿ ಎಲ್‌ಇಡಿ ಪಟ್ಟಿ ನೋಡಲು ಸೊಗಸು, ಆದರೆ ಈ ಪುಡಿಗೆ ಬೇಕಾದ ನೀಲಿ ಮತ್ತು ನೇರಳಾತೀತ ಕಿರಣ ಅದರಲ್ಲಿ ಕಡಿಮೆ. ಅಜ್ಜನ ಕಾಲದ ಬಿಳಿ ಟ್ಯೂಬ್‌ಲೈಟ್ ಎಷ್ಟೋ ವಾಸಿ. ಅದನ್ನು ಕಿತ್ತು ಗುಜರಿಗೆ ಹಾಕಿ ಅಲ್ಲವೇ ಹೊಸ ಸೂರು ಮಾಡಿಸಿದ್ದು!

ಈಗ ಚುಕ್ಕಿಗೆ ಬರುತ್ತೇನೆ. ಇಡೀ ಕಸುಬಿನ ಹಣೆಬರಹ ಚುಕ್ಕಿ ಇಡುವ ಕೈಯಲ್ಲಿದೆ. ಹೆಸರುವಾಸಿ ಪೇಂಟರುಗಳು ಕುಂಚದ ಹಿಂತುದಿಯನ್ನೋ ಬೆಂಕಿಕಡ್ಡಿಯನ್ನೋ ಅದ್ದಿ ಒಂದೊಂದೇ ಚುಕ್ಕಿ ಇಡುತ್ತಾರೆ, ದೊಡ್ಡದು, ನಡುತರದ್ದು, ಚಿಕ್ಕದು ಎಂದು ಮೂರು ಗಾತ್ರ. ಮೂರು ದಿನದ ಕತ್ತುನೋವಿನ ಕೆಲಸ. ಆ ಶ್ರಮವನ್ನು ಹಗುರಾಗಿ ಆಡುವವನಲ್ಲ ನಾನು. ಆದರೆ ಮನುಷ್ಯನ ಕೈಗೆ ಒಂದು ಚಟವಿದೆ: ‘ಹೇಗೆಂದರೆ ಹಾಗೆ’ ಚುಕ್ಕಿ ಇಡು ಎಂದರೂ ಅದು ಒಂದರಿಂದೊಂದನ್ನು ದೂರವಿಟ್ಟೇ ಇಡುತ್ತದೆ. ರಂಗೋಲಿಯ ಅಭ್ಯಾಸವೋ ಏನೋ. ಎರಡು ಚುಕ್ಕಿ ತಾಗಿಕೊಂಡರೆ ಕೈ ಅಳುಕುತ್ತದೆ, ನಾಲ್ಕು ಬೆರಳಗಲ ಖಾಲಿ ಬಿದ್ದರೆ ತುಂಬಿಬಿಡುತ್ತದೆ. ಆಕಾಶದಲ್ಲಿ ಈ ಶಿಸ್ತಿಲ್ಲ. ಕೃತ್ತಿಕೆಯಲ್ಲಿ ಒಂದಿಷ್ಟು ತಾರೆಗಳು ಗುಂಪುಗಟ್ಟಿ ಕೂತಿರುತ್ತವೆ, ಆಚೆಗೆ ಅಂಗೈಯಗಲ ಏನೂ ಇರುವುದಿಲ್ಲ. ಮೊದಲ ದರ್ಜೆಯ ತಾರೆಗೂ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಆರನೆಯ ದರ್ಜೆಯದಕ್ಕೂ ಕಾಂತಿಯಲ್ಲಿ ನೂರು ಪಟ್ಟು ಅಂತರ. ಒಂದೊಂದು ದರ್ಜೆ ಇಳಿದಂತೆ ಸಂಖ್ಯೆ ಸುಮಾರು ಮೂರು ಪಟ್ಟಾಗುತ್ತ ಹೋಗುತ್ತದೆ. ಬೆರಳೆಣಿಕೆಯ ದೊಡ್ಡವು, ಲೆಕ್ಕವಿಡಲಾಗದ ಪುಡಿಯಂಥವು. ಮೂರು ಗಾತ್ರವನ್ನು ಸರಿಸುಮಾರು ಸಮಪಾಲು ಹಂಚಿದ ಸೂರು ಸೀರೆಯ ಬುಟ್ಟಾದಂತೆ ಕಾಣುತ್ತದೆ.

ಹಾಗಾದರೆ ಸರಿಯಾದ ಚುಕ್ಕಿ ಎಲ್ಲಿದೆ? ಅದೇ ಸೂರಿನಲ್ಲೇ ಇದೆ, ಯಾರೂ ಹೊಗಳದ ಜಾಗದಲ್ಲಿ. ಆಕಾಶಗಂಗೆ ಬರೆಯುವಾಗ ಪೇಂಟರು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣಕ್ಕದ್ದಿ ಹೆಬ್ಬೆರಳಿನಿಂದ ಎಳೆಗಳನ್ನು ಹಿಂದಕ್ಕೆ ಮೀಟುತ್ತಾನೆ. ಹನಿ ಚಿಮ್ಮುತ್ತದೆ, ಅವನ ಮುಖಕ್ಕೂ ಬೀಳುತ್ತದೆ. ಎಲ್ಲಿ ಯಾವ ಗಾತ್ರ ಬೀಳಬೇಕೆಂಬ ತೀರ್ಮಾನ ಈಗ ಅವನ ಕೈ ತಪ್ಪಿರುತ್ತದೆ. ಬಿದ್ದದ್ದನ್ನು ನೋಡಿ: ಒಂದೆರಡು ದಪ್ಪ ಹನಿ, ಹತ್ತಾರು ಸಣ್ಣವು, ಮಿಕ್ಕದ್ದೆಲ್ಲ ಧೂಳು, ಇಲ್ಲಿ ಒತ್ತಾಗಿ, ಅಲ್ಲಿ ತೆಳ್ಳಗೆ. ಕತ್ತುನೋಯಿಸಿ ಇಟ್ಟ ಚುಕ್ಕಿಗಳಿಗೆ ಒಲಿಯದ ಆಕಾಶ ಈ ಕ್ಷುಲ್ಲಕ ಮೀಟಿಗೆ ಒಲಿಯುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಆ ಧೂಳಿನಲ್ಲಿ ಒಂದೊಂದೇ ಕಣ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದೆ ಹಾಲುಬಿಳುಪಾಗಿ ಸೇರಿಕೊಳ್ಳುತ್ತದೆ, ಮೇಲಿನ ಆಕಾಶಗಂಗೆ ಕಾಣುವುದೂ ಹೀಗೆಯೇ ತಾನೆ. ಇಷ್ಟಕ್ಕೆ ನಿಲ್ಲಿಸಿದ್ದರೆ! ಇಲ್ಲ, ಸ್ಪಂಜು ತಂದು ಅದರ ಮೇಲೆ ಹಸಿರು ಮೋಡ ಒತ್ತುತ್ತಾರೆ, ಇಂಟರ್‌ನೆಟ್ಟಿನ ದೂರದರ್ಶಕದ ಫೋಟೋ ಹಾಗಿದೆಯಂತೆ. ಒತ್ತಿದ ಸ್ಪಂಜಿನ ತೂತುಗಳು ಅಚ್ಚುಹಾಕಿದಂತೆ ಮತ್ತೆ ಮತ್ತೆ ಕಾಣುತ್ತವೆ. ಮೇಲೊಂದು ಬಾಲದ ಉಲ್ಕೆ. ಸಾಲದೆಂಬಂತೆ ಉಂಗುರದ ಶನಿ, ಬೋಂಡಾ ಗಾತ್ರದಲ್ಲಿ.

ಕೂಲಿಯ ಲೆಕ್ಕವೂ ಇದರಲ್ಲಿ ಸೇರಿದೆ. ಚದರಡಿಗೆ ಇಷ್ಟು ಎಂದು ಮಾತಾದ ಮೇಲೆ ಖಾಲಿ ಬಿಟ್ಟ ಚದರಡಿಗೆ ಯಾರು ಕಾಸು ಕೊಡುತ್ತಾರೆ? ಕತ್ತಲನ್ನು ಬರೆಯುವ ಕಲೆಯಲ್ಲಿ ಕತ್ತಲಿಗೆ ಬೆಲೆಯಿಲ್ಲ.

ನಕ್ಷತ್ರಪುಂಜಗಳು ಸರಿಯಾಗಿವೆಯೇ ಎಂಬ ಪರೀಕ್ಷೆಗೆ ನಾನು ಹೆಚ್ಚು ಅಂಕ ಇಟ್ಟಿಲ್ಲ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಸೂರಿನಲ್ಲಿ ಬರೆದ ರಾಶಿಚಕ್ರವೇ ಎಡಬಲ ತಿರುಗಿ ಬಿದ್ದಿದೆ, ಜನ ಇಂದಿಗೂ ಕತ್ತೆತ್ತಿ ನೋಡುತ್ತಾರೆ. ಒಂದನ್ನು ಮಾತ್ರ ಒಪ್ಪಲಾರೆ: ಕೋಣೆಯ ನಟ್ಟನಡುವೆ ಧ್ರುವ, ಅದರ ಸುತ್ತ ಸಪ್ತರ್ಷಿ. ಯುರೋಪಿನ ನಕಾಶೆ ಇಳಿಸಿಕೊಂಡು ಬರೆದದ್ದೆಂದು ಕೂಗಿ ಹೇಳುತ್ತದೆ ಅದು. ಕೊಳ್ಳೇಗಾಲ ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ; ಇಲ್ಲಿ ಧ್ರುವ ಬಡಗಣ ದಿಗಂತದಿಂದ ಚಾಚಿದ ಕೈಯ ಮುಷ್ಟಿಗಿಂತ ತುಸು ಎತ್ತರಕ್ಕೆ ಬಂದು ನಿಲ್ಲುತ್ತಾನೆ, ತೆಂಗಿನ ತೋಟವೋ ಪಕ್ಕದ ಮನೆಯ ನೀರಿನ ಟ್ಯಾಂಕೋ ಅವನನ್ನು ಮರೆಮಾಡುತ್ತದೆ. ಬದಲಿಗೆ ನಮಗೆ ದಕ್ಕಿರುವ ತೆಂಕಣ ಭಾಗ್ಯವೇ ಸೂರುಗಳಲ್ಲಿಲ್ಲ: ಅಗಸ್ತ್ಯ ಇಲ್ಲ, ಮೇ ತಿಂಗಳ ಸಂಜೆ ತೆಂಕಣದಲ್ಲಿ ನೆಟ್ಟಗೆ ನಿಲ್ಲುವ ತ್ರಿಶಂಕು ಇಲ್ಲ, ವೃಶ್ಚಿಕದ ಬಾಲದ ಬಳಿ ಆಕಾಶಗಂಗೆ ದಟ್ಟವಾಗುವ ಜಾಗವೂ ಇಲ್ಲ.

ಇದನ್ನು ನನಗಿಂತ ಜೋರಾಗಿ ಬೈಯುವವರಿದ್ದಾರೆ. ಅವರ ಜೊತೆ ನನ್ನನ್ನು ಸೇರಿಸಬೇಡಿ. ‘ಹತ್ತು ಮೈಲಿ ಹೋದರೆ ನಿಜವಾದ ಆಕಾಶವೇ ಇರುವಾಗ ಬಣ್ಣದ ಆಕಾಶ ಯಾಕೆ? ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ, ಹನೂರಿನ ಕಾಡಿಗೆ ಹೋಗಿ’ ಎನ್ನುತ್ತಾರೆ ಮೈಸೂರಿನಲ್ಲಿ ಕೂತ ಶುದ್ಧವಾದಿಗಳು. ಹೋಗಿ ಎಲ್ಲಿ ಮಲಗುವುದು ಸ್ವಾಮಿ? ಯಳಂದೂರಿನ ಬದಿಗೆ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಹನೂರಿನ ಬದಿಗೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ. ಕತ್ತಲೆ ಉಳಿದಿರುವುದು ಅವುಗಳಿಂದಲೇ, ಒಪ್ಪಿದೆ. ಆದರೆ ಆ ಕತ್ತಲೆಯ ಹಕ್ಕುದಾರ ಆನೆ. ಬಯಲಲ್ಲಿ ಚಾಪೆ ಹಾಸಿ ಅಗಸ್ತ್ಯನನ್ನು ಹುಡುಕುವ ಸುಖ ಅಲ್ಲಿನ ರೈತನಿಗೂ ಇಲ್ಲ. ಈ ಸೀಮೆಯಲ್ಲಿ ರಾತ್ರಿಯ ಆಕಾಶವನ್ನು ನಿಜಕ್ಕೂ ಹೊತ್ತು ನಡೆಯುವವರು ಮಾದಪ್ಪನ ಬೆಟ್ಟಕ್ಕೆ ತಾಳಬೆಟ್ಟದ ದಾರಿಯಲ್ಲಿ ಹತ್ತುವ ಪಾದಯಾತ್ರಿಗಳು. ಶಿವರಾತ್ರಿ, ದೀಪಾವಳಿ, ಎರಡೂ ಚಂದ್ರನಿಲ್ಲದ ರಾತ್ರಿಗಳೇ. ಶುದ್ಧವಾದಿಗಳು ‘ಉಘೇ’ ಎನ್ನುತ್ತ ಆ ದಾರಿ ಹಿಡಿದದ್ದನ್ನು ನಾನು ಕಂಡಿಲ್ಲ.

ಅವರು ಮರೆಯುವ ಇನ್ನೊಂದು ಸಂಗತಿಯಿದೆ. ಈ ಕಡೆಯ ಹಳೆಯ ತೊಟ್ಟಿಮನೆಗಳಲ್ಲಿ ಮನೆಯ ನಡುವೆಯೇ ಆಕಾಶವಿತ್ತು. ತೊಟ್ಟಿಯ ಸುತ್ತಲ ಪಡಸಾಲೆಯಲ್ಲಿ ಮಲಗಿದ ಮಕ್ಕಳಿಗೆ ನಾಲ್ಕು ಸೂರಿನ ನಡುವಿನ ಚೌಕದಲ್ಲಿ ಚುಕ್ಕಿ ದಾಟಿಹೋಗುವುದು ಕಾಣುತ್ತಿತ್ತು. ಸೈಟು ಮೂವತ್ತು ನಲವತ್ತಕ್ಕೆ ಇಳಿದ ಮೇಲೆ ಆ ಚೌಕಕ್ಕೆ ಕಾಂಕ್ರೀಟು ಸುರಿದೆವು. ಅದರ ತಳಕ್ಕೆ ಈಗ ಚುಕ್ಕಿ ಬಳಿಸುತ್ತಿರುವ ಮನೆಯಾತನನ್ನು ಅಭಿರುಚಿಗೇಡಿ ಎಂದು ಕರೆಯಲು ನನಗೆ ನಾಲಗೆ ಬಾರದು.

ಎರಡನೆಯ ಪಂಗಡ ಹೊಗಳುವವರದು. ಅವರು ಇದಕ್ಕೆ ವಂಶವೃಕ್ಷ ಬರೆಯುತ್ತಾರೆ: ಸೋಮನಾಥಪುರದ ಭುವನೇಶ್ವರಿಗಳ ಪರಂಪರೆಯಂತೆ, ಯಳಂದೂರಿನ ಗೌರೀಶ್ವರ ಗುಡಿಯ ಬಳೆ ಮಂಟಪದ ಕುಸುರಿಯ ಮುಂದುವರಿಕೆಯಂತೆ. ಸೋಮನಾಥಪುರದ ಹದಿನಾರು ಛತ್ತುಗಳಲ್ಲಿ ಬಾಳೆಮೊಗ್ಗು ಇಳಿಬಿದ್ದಿದೆ, ಪದರ ಪದರವಾಗಿ ಕಲ್ಲು ಒಳಸರಿದಿದೆ. ಓರೆಬೆಳಕು ಬಿದ್ದು ನೆರಳು ಹುಟ್ಟಿದರೇ ಅದರ ಚೆಲುವು. ಬಳೆ ಮಂಟಪದ ಕಲ್ಲಬಳೆಗಳ ಸರಪಳಿಗೂ ಅಷ್ಟೇ, ಹಗಲು ಬೇಕು. ನಮ್ಮ ಸೂರಿಗೆ ಬೇಕಾದದ್ದು ನೆರಳೂ ಇಲ್ಲದ ಕತ್ತಲೆ. ಮೇಲೆ ನೋಡಬೇಕು ಎಂಬುದೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ನಂಟು ಬೇಕೇ ಬೇಕೆಂದರೆ ಚಿಕ್ಕಲ್ಲೂರಿಗೆ ಹೋಗಬೇಕು. ಕೊಳ್ಳೇಗಾಲ–ಹನೂರು ಸೀಮೆಯ ಈ ಊರಿನ ಸಿದ್ದಪ್ಪಾಜಿ ಜಾತ್ರೆ ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲದಿಂದ ಶುರುವಾಗಿ ಐದು ದಿನ ನಡೆಯುತ್ತದೆ. ಬಿದಿರು ಕಟ್ಟಿ, ಬಟ್ಟೆ ಸುತ್ತಿ ಮಾಡಿದ ಆಕೃತಿಗೆ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಬೆಂಕಿ ಮುಟ್ಟಿಸುತ್ತಾರೆ. ಮೇಲೆ ಪೂರ್ಣಚಂದ್ರ ಇದ್ದಾನೆ, ಕೆಳಗೆ ಇವರದೊಂದು ಚಂದ್ರ ಧಗಧಗಿಸುತ್ತದೆ. ‘ಥೇಟ್ ಚಂದ್ರನ ಹಾಗೇ ಇದೆ’ ಎಂದು ಯಾರೂ ಹೇಳುವುದಿಲ್ಲ, ಹೋಲಿಕೆಯ ಹಂಗೇ ಅಲ್ಲಿಲ್ಲ. ಜನ ನೋಡುವುದು ಅದು ಉರಿಯುವ ಬಗೆಯನ್ನು: ಜ್ವಾಲೆ ಯಾವ ದಿಕ್ಕಿಗೆ ವಾಲಿತು, ಯಾವ ಸೀಮೆಗೆ ಮಳೆ, ಯಾವ ಕಡೆಗೆ ಬೆಳೆ ಎಂದು. ಉರಿದು ತೀರುವವರೆಗೂ ಕಣ್ಣು ಕೀಳುವುದಿಲ್ಲ. ಹತ್ತಿಸಿದ ಕೂಡಲೇ ಚಪ್ಪಾಳೆ ತಟ್ಟಿ ಮನೆಗೆ ಹೊರಡುವ ಜಾತ್ರೆಯನ್ನು ಊಹಿಸಿಕೊಳ್ಳಿ. ನಮ್ಮ ಗೃಹಪ್ರವೇಶದ ಆಕಾಶವೀಕ್ಷಣೆ ಇರುವುದು ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ ಒಳ್ಳೆಯ ಸೂರುಗಳೂ ಇವೆ. ನಾನು ಕಂಡದ್ದರಲ್ಲಿ ಮನಸ್ಸಿಗೆ ಬಂದದ್ದು ಯಳಂದೂರಿನ ಕಡೆಯ ಒಂದು ಸಣ್ಣ ಮನೆಯ ಮಕ್ಕಳ ಕೋಣೆಯದು. ಪಿಓಪಿ ಇಲ್ಲ, ಸುಣ್ಣದ ಮೇಲೆ ಪ್ರೈಮರ್, ಮೂಲೆಯಲ್ಲಿ ಹಳೆಯ ಟ್ಯೂಬ್‌ಲೈಟ್. ಪೇಂಟರಿಗೆ ಬಿಡುವಿರಲಿಲ್ಲವಾಗಿ ಕಡ್ಡಿಚುಕ್ಕಿಯ ಗೋಜಿಗೆ ಹೋಗದೆ ಇಡೀ ಸೂರಿಗೆ ಬ್ರಷ್ ಮೀಟಿ ಮುಗಿಸಿದ್ದಾನೆ. ಅಟ್ಟದ ಕಡೆಗೆ ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿ ಸೂರಿನ ಕಾಲು ಭಾಗ ಹಾಗೇ ಬಿಟ್ಟುಹೋಗಿದೆ. ಕರೆಂಟ್ ಹೋದ ರಾತ್ರಿ ಅಲ್ಲಿ ಮಲಗಿದಾಗ ಕಣ್ಣು ಮತ್ತೆ ಮತ್ತೆ ಹೋದದ್ದು ಆ ಖಾಲಿಯ ಕಡೆಗೆ. ಉಳಿದ ಮುಕ್ಕಾಲು ಭಾಗ ಆಕಾಶವಾಗಿ ಕಾಣಲು ಅದೇ ಕಾರಣ. ಮನೆಯವರಿಗೆ ಮಾತ್ರ ಅದೊಂದು ಕೊರಗು. ಯುಗಾದಿಗೆ ಸುಣ್ಣಬಣ್ಣ ಮಾಡಿಸುವಾಗ ಇನ್ನೊಂದು ಡಬ್ಬಿ ತರಿಸಿ ತುಂಬಿಸುತ್ತಾರಂತೆ. ಬೇಡವೆಂದು ಗಟ್ಟಿಯಾಗಿ ಹೇಳಿ ಬಂದಿದ್ದೇನೆ, ಕೇಳುವ ಹಾಗೆ ಕಾಣಲಿಲ್ಲ.