ಚರಾಂಗೊ: ಬಯಲಿನ ನಾದ, ಸಭೆಯ ನಾದ

ದಕ್ಷಿಣ ಅಮೆರಿಕೆಯ ಆಂಡೀಸ್ ಪರ್ವತಪ್ರಾಂತದಲ್ಲಿ, ಮುಖ್ಯವಾಗಿ ಬೊಲಿವಿಯ, ಪೆರು ದೇಶಗಳಲ್ಲಿ, ಚರಾಂಗೊ ಎಂಬ ಪುಟ್ಟ ತಂತಿವಾದ್ಯವುಂಟು. ಸ್ಪೇನಿನವರು ತಂದ ವಾದ್ಯಗಳನ್ನು ನೋಡಿ ಅಲ್ಲಿಯ ಜನರು ತಮಗೊಪ್ಪುವಂತೆ ಮಾಡಿಕೊಂಡುದು ಇದು. ಎರಡೆರಡರಂತೆ ಐದು ಜೋಡಿ, ಒಟ್ಟು 10 ತಂತಿಗಳು. ಹಿಂದೆ ಆರ್ಮಡಿಲೊ ಎಂಬ ಪ್ರಾಣಿಯ ಚಿಪ್ಪಿನಿಂದ ಇದರ ಒಡಲನ್ನು ಮಾಡುತ್ತಿದ್ದರು. ಈಗ ಬಹುಮಟ್ಟಿಗೆ ಮರದಿಂದ.

ಇದನ್ನು ಸಭಾವೇದಿಕೆಗೆ ಏರಿಸಿದವರಲ್ಲಿ ಅರ್ಜೆಂಟೀನದ ಹೈಮೆ ತೊರೆಸ್ (1938–2018), ಬೊಲಿವಿಯದ ಎರ್ನೆಸ್ತೊ ಕವೂರ್ (1940–2022) ಪ್ರಮುಖರು. ಇಂಥವರ ವಾದನದಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಮುತ್ತು ಪೋಣಿಸಿದಂತೆ ಕೇಳಿಬರುವುದು. ಇದನ್ನೇ ಕೇಳಿ ರೂಢಿಯಾದವರಿಗೆ ಹಳ್ಳಿಗರ ವಾದನವು ಬರಿಯ ಗದ್ದಲವೆಂದು ತೋರುವುದು ಸಹಜ. ಅಲ್ಲಿ ತೆಳ್ಳನೆಯ ಲೋಹದ ತಂತಿಗಳೆಲ್ಲವನ್ನೂ ಒಟ್ಟಿಗೆ ಬಾರಿಸುವರು; ರಾಗವು ಆ ಝೇಂಕಾರದೊಳಗೆ ಅಡಗಿರುವುದು.

ಆದರೆ ಇದನ್ನು ಒರಟುತನವೆನ್ನಲು ನಾವು ಒಪ್ಪಲಾರೆವು. ಪೆರುವಿನ ಕುಸ್ಕೊ ಸೀಮೆಯ ಕಾನಾಸ್ ಪ್ರಾಂತದಲ್ಲಿ ತರುಣನು ತಾನೊಲಿದವಳನ್ನು ಕರೆಯುವುದು ಈ ವಾದ್ಯದಿಂದ. ಬುಗ್ಗೆಯ ಬಳಿ ಇರುಳೆಲ್ಲ ಇಟ್ಟರೆ ಜಲಕನ್ಯೆಯು ಅದಕ್ಕೆ ಶ್ರುತಿಗೂಡಿಸುವಳೆಂಬುದು ಅಲ್ಲಿಯ ನಂಬಿಕೆ. ಬಯಲನ್ನು ದಾಟಿ ಹೋಗಬೇಕಾದ ಕರೆಗೆ ಲೋಹದ ಕೀರಲು ದನಿಯೇ ತಕ್ಕುದು; ಸಭೆಯ ಮೃದುನಾದವು ಅಲ್ಲಿ ಗಾಳಿಯ ಪಾಲಾದೀತು.

ಹಾಗೆಂದು ಪಟ್ಟಣದ ಕುಶಲತೆಯನ್ನು ಹಳಿಯಬೇಕಾಗಿಲ್ಲ. ಅದೂ ಈ ವಾದ್ಯದ ಸತ್ತ್ವವೇ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದೇ ದೋಷ. ಯಾರನ್ನು ಕರೆಯಲು ಹುಟ್ಟಿದ ನಾದವೋ ಅವರ ಕಿವಿಯಲ್ಲಿಯೇ ಅದರ ಪರೀಕ್ಷೆಯಾಗಬೇಕು.